ಕಲ್ಲೂರು ಬರುವ ಮುಂಚೆ

ನಾಗವೇಣಿ ಮತ್ತೊಮ್ಮೆ ಸೀಟಿ ಊದಿದಳು. ಒಂದು ಸೀಟಿಯೆಂದರೆ ನಿಲ್ಲಿಸು, ಎರಡೆಂದರೆ ಹೋಗು. ರಾಯಚೂರು-ಮಾನ್ವಿ ಬಸ್ಸಿನಲ್ಲಿ ತಾಯಿಯ ಕಂಕುಳಲ್ಲಿದ್ದ ಕೂಸಿಗೂ ಇದು ಗೊತ್ತು. ಸ್ಟೇರಿಂಗ್ ಹಿಡಿದು ಕೂತ ಸೂಗಪ್ಪನಿಗೆ ಮಾತ್ರ ಗೊತ್ತಿಲ್ಲ. ಬಸ್ಸು ಅದೇ ವೇಗದಲ್ಲಿ ಹೋಗುತ್ತಲೇ ಇತ್ತು.

ಐವತ್ತು ಸೀಟಿನ ಗಾಡಿಯಲ್ಲಿ ತೊಂಬತ್ತು ಜನ. ಮುಕ್ಕಾಲು ಪಾಲು ಹೆಂಗಸರು. ಹೆಂಗಸರಿಗೆ ಪ್ರಯಾಣವೇನೋ ಉಚಿತ, ಆದರೆ ಆ ಉಚಿತದ ಟಿಕೆಟನ್ನೂ ಮಷಿನ್ನಿನಿಂದ ತೆಗೆದು ಒಬ್ಬೊಬ್ಬರ ಕೈಗೆ ಕೊಡಲೇಬೇಕು. ಕೊಡದೆ ಉಳಿದ ಒಬ್ಬಳೇ ಒಬ್ಬಳು ಮುದುಕಿ ಚೆಕಿಂಗ್‌ನವರಿಗೆ ಸಿಕ್ಕರೂ ಮೆಮೊ ಬರುವುದು ಕಂಡಕ್ಟರಿಗೆ. ಅದಕ್ಕೇ ಗಾಡಿ ತುಂಬಿದ ದಿನ ಡ್ರೈವರಾದವನು ಊರ ಹೊರಗೆ ಎಲ್ಲಾದರೂ ನೆರಳು ನೋಡಿ ಐದು ನಿಮಿಷ ನಿಲ್ಲಿಸುತ್ತಾನೆ. ಕಂಡಕ್ಟರು ಟಿಕೆಟ್ ಮುಗಿಸಿದ ಮೇಲೆ ಗಾಡಿ ಹೊರಡುತ್ತದೆ. ಇದು ಯಾವ ರೂಲ್ಸ್ ಪುಸ್ತಕದಲ್ಲೂ ಇಲ್ಲ. ಇಬ್ಬರ ನಡುವೆ ಚೆನ್ನಾಗಿದ್ದರೆ ಬಸ್ಸು ನಿಲ್ಲುತ್ತದೆ, ಇಲ್ಲದಿದ್ದರೆ ಇಲ್ಲ.

ಇಪ್ಪತ್ತೆರಡು ದಿನಗಳಿಂದ ಸೂಗಪ್ಪ ಅವಳೊಂದಿಗೆ ಮಾತಾಡಿರಲಿಲ್ಲ. ಆ ಇಪ್ಪತ್ತೆರಡು ದಿನಗಳಲ್ಲಿ ಅವಳಿಗೆ ಎರಡು ಮೆಮೊ ಬಂದಿದ್ದವು. ಕೆಲಸ ಇನ್ನೂ ಕಾಯಂ ಆಗಿಲ್ಲ. ಮೂರನೆಯದು ಬಂದರೆ ರಸ್ತೆಯ ಮೇಲಿನ ಡ್ಯೂಟಿ ಮುಗಿದಂತೆಯೇ. ಡಿಪೋದಲ್ಲಿ ಡ್ಯೂಟಿ ಹಾಕುವ ಕನಕರಾಯ ಬೆಳಿಗ್ಗೆಯಷ್ಟೇ ಬಿಳಿ ಹಾಳೆ ಮುಂದೆ ತಳ್ಳಿ ಹೇಳಿದ್ದ: "ಮೂರನೇದು ಬರೂದ್ರಾಗ ನೀನಾ ಆಫೀಸ್ ಡ್ಯೂಟಿ ಕೇಳಿ ಬರದು ಕೊಡವ್ವಾ. ಫ್ಯಾನಿನ ಕೆಳಗ ಕುಂತು ದಾಖಲಿ ಬರಿ. ಹೆಣ್ಮಕ್ಕಳಿಗೆ ಅದಾ ಚಲೋ. ಡ್ರೈವರ್ ಕೂಡ ಹೊಂದಿಕೊಂಡು ಹೋಗಾಕ ಬರಲಿಲ್ಲಂದ್ರ ನಾವರ ಏನ್ ಮಾಡೂದು?"

ಎಲ್ಲರಿಗೂ ಅವಳಿಗೆ ಯಾವುದು ಚಲೋ ಎಂದು ಗೊತ್ತಿತ್ತು. ಬಿ.ಎಡ್. ಮುಗಿಸಿದಾಗ ದೇವದುರ್ಗದ ಸಂಬಂಧಿಕರಿಗೆ ಮೇಷ್ಟ್ರ ಕೆಲಸ ಚಲೋ ಅನ್ನಿಸಿತ್ತು. ಎರಡು ವರ್ಷ ಅತಿಥಿ ಶಿಕ್ಷಕಿಯಾಗಿ, ಪ್ರತಿ ಬೇಸಿಗೆಗೂ ಕೆಲಸ ಕಳೆದುಕೊಂಡು ಸಾಕಾಗಿ ಅವಳು ಕಂಡಕ್ಟರ್ ಪರೀಕ್ಷೆ ಬರೆದಳು. ಖಾಕಿ ತೊಟ್ಟು ಮೊದಲ ದಿನ ಬಾಗಿಲಲ್ಲಿ ನಿಂತು ಎರಡು ಸೀಟಿ ಊದಿದಾಗ, ಅಷ್ಟು ದೊಡ್ಡ ಗಾಡಿ ತನ್ನ ಉಸಿರಿಗೆ ಹೊರಟಿತಲ್ಲ ಎಂದು ಹಿಗ್ಗಿದ್ದಳು. ಈ ಕೆಲಸ ಅವಳಿಗೆ ಇಷ್ಟ. ಯಾರೂ ಕೇಳದೆ ಇದ್ದದ್ದು ಅದೊಂದನ್ನೇ.

ತರಬೇತಿಯಲ್ಲಿ ಒಬ್ಬರು ಸೂಟಿನವರು ಬಂದು, ಸಹೋದ್ಯೋಗಿಗಳೊಂದಿಗೆ ಸೌಹಾರ್ದ ಬೆಳೆಸುವುದು ಹೇಗೆ ಎಂದು ಅರ್ಧ ದಿನ ಕೊರೆದಿದ್ದರು. ದಿನಾ ಬೆಳಿಗ್ಗೆ ನಗುಮುಖದಿಂದ ನಮಸ್ಕಾರ ಹೇಳಬೇಕಂತೆ. ಅವಳು ಇಪ್ಪತ್ತೆರಡು ದಿನವೂ ಹೇಳಿದಳು. ಸೂಗಪ್ಪ ಕನ್ನಡಿ ಒರೆಸುತ್ತಲೇ ಇದ್ದ.

ತಪ್ಪು ಎಲ್ಲಾಯಿತೆಂದು ಅವಳಿಗೆ ಗೊತ್ತಿಲ್ಲದೆ ಏನಿಲ್ಲ. ಕಲ್ಲೂರು ದಾಟಿದರೆ ರಸ್ತೆ ಬದಿಗೆ ಸುನಂದಾಳ ಖಾನಾವಳಿ. ಸೂಗಪ್ಪ ದಿನಾ ಅಲ್ಲಿ ಹತ್ತು ನಿಮಿಷ ಗಾಡಿ ನಿಲ್ಲಿಸುತ್ತಿದ್ದ. ಜನ ಇಳಿದು ಚಹಾ ಕುಡಿಯುತ್ತಿದ್ದರು. ಡ್ರೈವರು ಕಂಡಕ್ಟರಿಗೆ ಒಳಗೆ ಬಿಸಿ ರೊಟ್ಟಿ, ದುಡ್ಡು ಕೇಳುವ ಮಾತಿಲ್ಲ. ಹನ್ನೆರಡು ವರ್ಷದಿಂದ ನಡೆದುಬಂದದ್ದು. ನಾಗವೇಣಿಯ ಮುಂದೆ ತಾಟು ಬಂದ ದಿನ ಅವಳು ಮೊದಲು ದುಡ್ಡು ತೆಗೆದಿಟ್ಟಳು. ಸುನಂದಾ ಬೇಡವೆಂದಳು. "ನಾವು ಪುಕ್ಕಟೆ ಉಣ್ಣೋ ಮಂದಿ ಅಲ್ರಿ" ಎಂದಳು ನಾಗವೇಣಿ, ಇಡೀ ಖಾನಾವಳಿಗೆ ಕೇಳುವಂತೆ. ಎದುರಿಗೆ ಸೂಗಪ್ಪನ ಕೈಯಲ್ಲಿ ಅರ್ಧ ರೊಟ್ಟಿ ಇತ್ತು. ಅವನು ಅದನ್ನು ತಾಟಿನಲ್ಲಿಟ್ಟು ಕೈ ತೊಳೆದ. ಅಂದಿನಿಂದ ಬಸ್ಸು ಅಲ್ಲಿ ನಿಲ್ಲಲಿಲ್ಲ.

ಹಿಂದಿನ ಸೀಟಿನ ಹೆಂಗಸರು ಆಧಾರ್ ಕಾರ್ಡು ಹಿಡಿದು ಕೈ ಚಾಚಿದ್ದರು. ಇಪ್ಪತ್ತಕ್ಕೂ ಹೆಚ್ಚು ಟಿಕೆಟ್ ಬಾಕಿ. ಕಲ್ಲೂರು ಇನ್ನೇನು ಬಂತು. ಅವಳು ಇನ್ನೊಮ್ಮೆ ಸೀಟಿ ಊದಿದಳು. ಗಾಡಿ ನಿಲ್ಲಲಿಲ್ಲ. ಮಷಿನ್ನನ್ನು ಎದೆಗವಚಿಕೊಂಡು, ಚೀಲ, ಮಕ್ಕಳು, ಮೊಣಕೈಗಳ ನಡುವೆ ನುಗ್ಗಿ ಡ್ರೈವರ ಸೀಟಿನ ಹತ್ತಿರ ಬಂದಳು.

"ಸೂಗಪ್ಪಣ್ಣ, ನನ್ನ ಮ್ಯಾಲಿನ ಸಿಟ್ಟು ನನಗ ಬೈದು ತೀರಿಸ್ಕೋರಿ. ಕೆಲಸಕ್ಕ ಕುತ್ತು ತರಬ್ಯಾಡ್ರಿ."

ಅವನು ರಸ್ತೆ ನೋಡುತ್ತಿದ್ದ.

"ಅವತ್ತು ನಾ ಅಂದಿದ್ದು ನಿಮಗಲ್ರಿ. ನಮ್ಮವ್ವ ಗೋಪಮ್ಮ ಇಪ್ಪತ್ತು ವರ್ಷ ಮಂದಿ ಹೊಲದಾಗ ದುಡದು, ಅವರ ಮನಿ ಹಿತ್ತಲ ಬಾಗಲದಾಗ ನಿಂತು, ಉಳದದ್ದು ಬಳದದ್ದು ಸೆರಗಿನ್ಯಾಗ ಇಸಗೊಂಡು ಬಂದು ನಮಗ ಉಣಿಸ್ಯಾಳ. ನೌಕರಿ ಸಿಕ್ಕ ದಿನ ಆಕಿ ನನ್ನ ಕಡಿಂದ ಆಣಿ ಹಾಕಿಸ್ಕೊಂಡಾಳ, ಯಾರ ಕಡಿಂದಾನೂ ಸುಮ್ನ ಕೊಟ್ಟಿದ್ದು ಉಣಬ್ಯಾಡ ಅಂತ. ಅದಕ ಹಂಗ ಬಾಯಿಗೆ ಬಂತು."

ಸೂಗಪ್ಪ ಎದುರಿನ ಗಾಜಿಗೆ ಹೇಳುವಂತೆ ಹೇಳಿದ: "ಸುನಂದಾನ ಗಂಡ ನನ್ನ ಕಂಡಕ್ಟರ್ ಇದ್ದ. ಆತ ಸತ್ತಮ್ಯಾಲ ಖಾನಾವಳಿ ಇಟ್ಟಳು. ನಾಕು ಮಂದಿ ಗಿರಾಕಿ ಆಗ್ಲಿ ಅಂತ ನಾ ಗಾಡಿ ನಿಲ್ಲಿಸ್ತಿದ್ದೆ. ರೊಟ್ಟಿ ಆಸೇಕ ಅಲ್ಲ."

ಬಸ್ಸು ನಿಧಾನವಾಯಿತು. ಅವನು ಬ್ರೇಕು ಒತ್ತಿ ಗಾಡಿಯನ್ನು ಎಡಕ್ಕೆ ಎಳೆಯುತ್ತಿದ್ದ. ಅಷ್ಟರಲ್ಲಿ ಮುಂದಿನ ಮರದ ಕೆಳಗಿನಿಂದ ಕೈ ಮೇಲೆದ್ದಿತು. ಬಿಳಿ ಜೀಪು, ಇಬ್ಬರು ಚೆಕಿಂಗ್‌ನವರು.

ಹನ್ನೆರಡನೆಯ ಸೀಟಿನಲ್ಲೇ ಮುನ್ನೀ ಬೀ ಎಂಬ ಮುದುಕಿ ಸಿಕ್ಕಳು. "ಕಾರ್ಡ್ ಹಿಡಕೊಂಡಾ ಕುಂತೀನಿ ಬೇಟಾ, ಆಕಿ ಇನ್ನೂ ನನ್ನ ತನಕ ಬಂದಿಲ್ಲ" ಎಂದು ಅವಳು ಪಾಪ ನಾಗವೇಣಿಯ ಪರವಾಗಿಯೇ ಹೇಳಿದಳು. ಹಿಂದೆ ಇನ್ನೂ ಇಪ್ಪತ್ತು ಮಂದಿ. ಹಿರಿಯ ಅಧಿಕಾರಿ ಜೇಬಿನಿಂದ ಪೆನ್ನು ತೆಗೆದು, ಬಾಗಿಲ ಹತ್ತಿರ ನಿಂತು ಮೆಮೊ ಬರೆಯತೊಡಗಿದರು. ನಾಗವೇಣಿಗೆ ಅಳು ಬರಲಿಲ್ಲ. ಒಬ್ಬರನ್ನಾದರೂ ಹಿಡಿದು ಜಾಡಿಸಬೇಕೆನಿಸಿತು, ಯಾರನ್ನು ಎಂದು ತಿಳಿಯಲಿಲ್ಲ.

ಸೂಗಪ್ಪ ಇಂಜಿನ್ ಆರಿಸಿ, ತನ್ನ ಬಾಗಿಲಿನಿಂದ ಇಳಿದು ಸುತ್ತಿ ಬಂದ. "ತಪ್ಪು ನಂದ್ರಿ ಸಾಹೇಬ್ರ. ಆಕಿ ನಿಲ್ಲಸಂದ್ರೂ ನಾ ನಿಲ್ಲಸಲಿಲ್ಲ. ನನ್ನ ಹೆಸರು ಬರ್ಕೋರಿ."

"ಟಿಕೆಟ್ ಕೊಡೂದು ಕಂಡಕ್ಟರ್ ಕೆಲಸ. ಇದರಾಗ ಡ್ರೈವರಿಗೆ ಕಾಲಂ ಇಲ್ಲ."

"ಹಂಗಿದ್ರ ಒಂದು ಬಿಳಿ ಹಾಳಿ ಕೊಡ್ರಿ."

"ಕೊಟ್ರೂ ಮೆಮೊ ಆಕಿಗೇ ಬರ್ತದಪ್ಪ."

"ಬರ್ಲಿ. ನನ್ನ ಹಾಳಿನೂ ಅದಕ ಸೇರಿಸಿ ಪಿನ್ನು ಹೊಡೀರಿ."

ಅಧಿಕಾರಿ ಬೇಸರದಿಂದ ಒಂದು ಹಾಳೆ ಹರಿದುಕೊಟ್ಟರು. ಒಳಗೆ ಜನ ಗೊಣಗತೊಡಗಿದರು. ಬಾಗಲವಾಡದ ಕಡೆಯವನೊಬ್ಬ, ಮಾನ್ವಿಯಲ್ಲಿ ಮುಂದಿನ ಬಸ್ಸು ತಪ್ಪುತ್ತದೆಂದು ಕಿಟಕಿಯ ಸರಳು ಬಡಿದ. ಸೂಗಪ್ಪ ಅದಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬಸ್ಸಿನ ಮೆಟ್ಟಿಲ ಮೇಲೆ ಹಾಳೆಯಿಟ್ಟು, ಬಗ್ಗಿ, ಶಾಲೆ ಬಿಟ್ಟು ಮೂವತ್ತು ವರ್ಷವಾದ ಕೈಯಲ್ಲಿ ಒಂದೊಂದೇ ಅಕ್ಷರ ಕೂಡಿಸಿದ. ಅರ್ಧಕ್ಕೆ ಬಂದು ಪೆನ್ನು ನಿಂತಿತು.

"ಸೀಟಿ ಎಷ್ಟು ಸಲ ಹೊಡದಿ?"

"ಮೂರು ಸಲ."

ಅವನು ತಲೆಯೆತ್ತದೆ ಹೇಳಿದ: "ನಾಕು. ರಾಯಚೂರು ದಾಟಿದ ಕೂಡ್ಲೇ ಒಂದು ಹೊಡದಿದ್ದಿ, ಸಣ್ಣಗ."

ನಾಗವೇಣಿಗೆ ಅದು ನೆನಪೇ ಇರಲಿಲ್ಲ. ಅವನು ನಾಲ್ಕು ಎಂದು ಅಕ್ಷರದಲ್ಲಿ ಬರೆದ. ಯಾರೂ ತಿದ್ದದಿರಲೆಂದು ಪಕ್ಕದಲ್ಲಿ ಅಂಕಿಯಲ್ಲೂ ಬರೆದ.