ಲೇಪದೊಳಗಿನ ಕಲ್ಲು

ಹಾಸಿಗೆ ಹಿಡಿದಿದ್ದ ಅತ್ತೆ ಚಿಕ್ಕಬಸಮ್ಮನ ಕೈಮೇಲೆ ಕೈಯಿಟ್ಟು ಗುರುಬಸಮ್ಮ ಹಿಂದೊಮ್ಮೆ ಮಾತು ಕೊಟ್ಟಿದ್ದಳು: ಈ ಮನೆಯ ಯಾವ ಹೆಣ್ಣುಮಗಳು ಬಾಣಂತಿಯಾದರೂ, ಸಿಡಿಲಿನ ಜೊತೆ ಬಿತ್ತೆಂದು ದೇವರ ಗೂಡಿನಲ್ಲಿಟ್ಟು ಪೂಜಿಸುವ ಸಿಡಿಲುಗಲ್ಲು ಅವಳ ತಲೆದೆಸೆಯಲ್ಲಿರುತ್ತದೆ, ಇಡಿಯಾಗಿರುತ್ತದೆ. ಮಗಳು ಕೋಮಲ ಆಗ ತೊಟ್ಟಿಲಲ್ಲಿದ್ದಳು.

ಈಗ ಕೋಮಲಳೇ ಕೂಸು ಎತ್ತಿಕೊಂಡು ಕೊಳ್ಳೇಗಾಲದ ಆಸ್ಪತ್ರೆಯಿಂದ ಹೊನ್ನೂರಿನ ತವರಿಗೆ ಬಂದಿಳಿದಳು. ಆರತಿ ಎತ್ತಿ ಒಳಗೆ ಕರೆದುಕೊಂಡ ಗುರುಬಸಮ್ಮ ದೇವರ ಗೂಡಿಗೆ ಕೈಹಾಕಿದರೆ ಕಲ್ಲಿಲ್ಲ. ವಿಭೂತಿಯ ಪುಡಿಯಲ್ಲಿ ಅದು ಕೂತಿದ್ದ ಗುರುತು ಮಾತ್ರ.

ಇದು ಮೈದುನ ಶಾಂತಮೂರ್ತಿಯ ಕೆಲಸವೇ. ಆಕಾಶದಿಂದ ಬಿದ್ದ ಕಲ್ಲಿಗೆ ಸುಟ್ಟ ಕರಿ ಸಿಪ್ಪೆ, ಒಳಗೆ ಲೋಹ ಇರುತ್ತದೆ, ಒಳ್ಳೆ ಬೆಲೆ ಬರುತ್ತದೆಂದು ಮೊಬೈಲಿನಲ್ಲಿ ನೋಡಿದಂದಿನಿಂದ ಅವನ ಕಣ್ಣು ಗೂಡಿನ ಮೇಲೇ ಇತ್ತು. ಆ ಕಪ್ಪು ಶಿವರಾತ್ರಿಗೆ ಶಿವರಾತ್ರಿಗೆ ನಾವೇ ಬಳಿದದ್ದು ಕಣಪ್ಪ, ಇಷ್ಟಲಿಂಗಕ್ಕೆ ಬಳಿಯುವ ಹಾಗೆ ಗೇರೆಣ್ಣೆ, ದೀಪದ ಮಸಿ, ವಿಭೂತಿ ಅರೆದ ಲೇಪ ಎಂದು ಅವಳು ಹೇಳಿದ್ದಳು. ಮೇಲಿನದು ನೀವು ಬಳಿದದ್ದು, ಅದರಡಿಯದು ಸುಟ್ಟದ್ದು ಎಂದು ಅವನು ವಾದಿಸಿದ್ದ. ತಲೆಮಾರುಗಳ ಲೇಪದಲ್ಲಿ ಕಲ್ಲು ತೆಂಗಿನಕಾಯಿಯಂತೆ ದುಂಡಗಾಗಿತ್ತು. ಒಳಗೇನಿದೆಯೆಂದು ಕಂಡವರಿರಲಿಲ್ಲ.

ಫೋನು ಮಾಡಿದರೆ, ಹನೂರಿನಲ್ಲಿ ಮಹದೇವುವಿನ ಗ್ರಾನೈಟು ಕೊಯ್ಯುವ ಶೆಡ್ಡಿನಲ್ಲಿದ್ದೀನಿ ಅಂದ. ಮುಟ್ಟಬೇಡ ಎನ್ನುವಷ್ಟರಲ್ಲಿ ಮಿಷನ್ನಿನ ಸದ್ದು ಅವಳ ಮಾತನ್ನು ನುಂಗಿತು. ಗಂಡ ಪುಟ್ಟಮಾದಪ್ಪ ತಮ್ಮನಿಗೆ ಎದುರಾಡುವವನಲ್ಲ. ಬಾಣಂತಿಯನ್ನು ಪಕ್ಕದ ಮನೆಯ ಶಿವನಂಜಮ್ಮನಿಗೆ ಒಪ್ಪಿಸಿ ಅವಳೇ ಬಸ್ಸು ಹತ್ತಿದಳು. ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಿ ಹನೂರಿನ ಶೆಡ್ಡು ಮುಟ್ಟಿದಳು.

ಗೋಣಿಚೀಲದ ಮೇಲೆ ಎರಡು ಒದ್ದೆ ತುಂಡುಗಳಿದ್ದವು.

"ಒಳಗೂ ಕಲ್ಲೇ ಅತ್ಗೆ," ಅಂದ ಶಾಂತಮೂರ್ತಿ, ಯಾರೋ ತನಗೇ ಮೋಸ ಮಾಡಿದಂತೆ.

ಮಹದೇವು ತಲೆ ತಗ್ಗಿಸಿ ಹೇಳಿದ: ಶಾಂತಮೂರ್ತಿ ಕಳಿಸಿದ ಫೋಟೊ ನೋಡಿದ್ದ ಕೊಳ್ಳೇಗಾಲದ ಮೇಷ್ಟ್ರು ಮಲ್ಲಿಕಾರ್ಜುನಸ್ವಾಮಿ, ಕೊಯ್ಯಬೇಡಿ, ಲೇಪ ಬಿಡಿಸೋಣ ಎಂದು ಬೆಳಗ್ಗೆಯೇ ತಿಳಿಸಿದ್ದರಂತೆ. ಅದನ್ನು ಅವನು ತನಗೆ ಕೊಯ್ದಾದ ಮೇಲಷ್ಟೇ ಹೇಳಿದನಂತೆ.

ಗುರುಬಸಮ್ಮ ತುಂಡುಗಳನ್ನು ಸೆರಗಿಗೆ ಕಟ್ಟಿಕೊಂಡಳು. "ನಡಿ ಆ ಮೇಷ್ಟ್ರ ಮನೆಗೆ. ನೀನು ಕೊಯ್ದದ್ದು ಏನ ಅಂತ ತಿಳ್ಕಂಡೇ ಮನೆಗೋಗೋದು."

ಮೇಷ್ಟ್ರು ತುಂಡುಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ, ಹಳೇ ಬ್ರಷ್ಷಿನಿಂದ ಉಜ್ಜಿದರು. ಲೇಪ ಹಪ್ಪಳದ ಹಾಗೆ ಪದರ ಪದರವಾಗಿ ಎದ್ದಿತು. ಒಳಗಿಂದ ನುಣ್ಣನೆಯ ಕರಿಹಸಿರು ಕಲ್ಲು ಬಂತು. ಒಂದು ತುದಿ ಮೊಂಡು, ಇನ್ನೊಂದು ತುದಿ ಅಗಲವಾಗಿ ಹರಿತ. ಕೊಯ್ತ ನಡುವೆ ಹಾದಿತ್ತು.

"ಇದು ಕೊಡಲಿ ಕಣಮ್ಮ. ಲೋಹ ಗೊತ್ತಿಲ್ಲದ ಕಾಲದ ಜನ ಉಜ್ಜಿ ಉಜ್ಜಿ ಮಾಡಿದ್ದು. ಹೊಲ ಉಳುವಾಗ ಸಿಕ್ಕಿದ್ದನ್ನ ಸಿಡಿಲಿನ ಜೊತೆ ಬಿತ್ತು ಅಂತ ನಮ್ಮೋರು ಎತ್ತಿಟ್ಕೊಳ್ತಿದ್ರು."

ಗುರುಬಸಮ್ಮ ಅಂಚಿನ ಮೇಲೆ ಹೆಬ್ಬೆರಳಾಡಿಸಿದಳು. ಇನ್ನೂ ಮೊನಚಿತ್ತು.

"ಅಂದ್ರೆ ಬರೀ ಕಲ್ಲು ಅನ್ನಿ ಸಾ," ಅಂದ ಶಾಂತಮೂರ್ತಿ. ಆಮೇಲೆ ಅವಳತ್ತ ತಿರುಗಿ, "ಗಮ್ಮಾಕಿ ಅಂಟಿಸಿ ಮೇಲೆ ಲೇಪ ಬಳುದ್ರೆ ಯಾರ್ಗೂ ತಿಳಿಯಕಿಲ್ಲ ಬುಡಿ ಅತ್ಗೆ."

"ನಂಗೆ ತಿಳಿಯಕಿಲ್ವಾ?" ಅವಳ ದನಿ ಏರಲಿಲ್ಲ. "ಕಬ್ಬುಣ ಕಾಣದೋರು ಕೈ ಸವೆಸಿ ಮಾಡಿದ್ದ, ನಮ್ಮತ್ತೆ, ಅವರತ್ತೆ ಕೂಸಿನಂಗೆ ಕಾಪಾಡಿದ್ದ, ನೀನು ಟೀ ಕುಡಿಯೋ ಒತ್ನಲ್ಲಿ ಕೊಯ್ಸಾಕ್ದಲ್ಲೋ. ಮೇಷ್ಟ್ರು ಬ್ಯಾಡ ಅಂದ್ರೂ ಕೊಯ್ಸಿದ್ದೀಯ. ನನ್ನ ಮೊಮ್ಮಗೀನ ತೊಟ್ಟಿಲ ಶಾಸ್ತ್ರಕ್ಕೆ ನೀನು ಬರಬ್ಯಾಡ ಕಣ್ಲಾ. ಚಿಕ್ಕತಾತ ಎಲ್ಲಿ ಅಂತ ಯಾರಾರ ಕೇಳುದ್ರೆ, ಇಲ್ಲ ಅಂತೀನಿ."

ಮುಸ್ಸಂಜೆಗೆ ಮನೆ ಸೇರಿದಾಗ ಪುಟ್ಟಮಾದಪ್ಪ, ಹೋಗಲಿ ಬಿಡು, ನನ್ನ ತಮ್ಮನಲ್ಲವೇ ಅಂದ. ಅವಳು ತುಂಡುಗಳನ್ನು ತೊಳೆದು, ಒಂದಕ್ಕೊಂದು ಒತ್ತಿ ಹಿಡಿದು, ಕೋಮಲಳ ತಲೆದೆಸೆಯಲ್ಲಿಟ್ಟಳು. ಕೈಬಿಟ್ಟ ಕೂಡಲೇ ಅವು ಬೇರೆಯಾದವು.

ಕಲ್ಲು ತಲೆದೆಸೆಯಲ್ಲಿತ್ತು. ಇಡಿಯಾಗಿರಲಿಲ್ಲ. ಗುರುಬಸಮ್ಮ ಅತ್ತೆಗೆ ಕೊಟ್ಟ ಮಾತು ಮುರಿದಿತ್ತು.