ಗೌಡರ ಹೊಟ್ಟೆ ಮಾತಾಡುವವರೆಗೆ

ನಾನು ಒಂದು ಸ್ಟೆತೊಸ್ಕೋಪ್. ಭೂಮಿಯ ಮೇಲೆ ಇಂಥದ್ದು ಇನ್ನೊಂದಿಲ್ಲ. ನಾನು ಹುಟ್ಟಿದ ದಿನ ಅದೇ ಕಾರ್ಖಾನೆಯಲ್ಲಿ ಇನ್ನೂ ಎಂಟುನೂರು ಹುಟ್ಟಿದವು, ನಿಜ. ಅವುಗಳಿಗೆ ಕಿವಿ ಇತ್ತು, ಕೇಳುವ ಬುದ್ಧಿ ಇರಲಿಲ್ಲ. ಪರೀಕ್ಷೆಗೆಂದು ಕೆಲಸಗಾರನೊಬ್ಬ ನನ್ನನ್ನು ತನ್ನ ಎದೆಗಿಟ್ಟುಕೊಂಡಾಗ ಅವನ ಎದೆಬಡಿತ ಮಾತ್ರವಲ್ಲ, ಪಕ್ಕದ ಬೀದಿಯಲ್ಲಿ ಇಡ್ಲಿ ಬೇಯುವ ಸದ್ದೂ ನನಗೆ ಕೇಳಿಸಿತು. ನಂಬದವರು ನಂಬಬೇಡಿ.

ನನ್ನ ಮೊದಲ ಒಡೆಯ ಮಹಾಂತೇಶ, ವೈದ್ಯಕೀಯ ವಿದ್ಯಾರ್ಥಿ. ಕೊರಳಿಗೆ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳಲು, ಬಸ್ಸಿನಲ್ಲಿ ಸೀಟು ಹಿಡಿಯಲು ನನ್ನನ್ನು ಬಳಸಿದ. ಗದಗ ಸೀಮೆಯ ಒಂದು ಆಸ್ಪತ್ರೆಯಲ್ಲಿ ಸರ್ಜನ್ ಸುಮಂಗಲಾ ಹಂಪಿಹೊಳಿ ಅವರು, "ಒಂದ್ ನಿಮಿಷ ಕೊಡಪಾ" ಎಂದು ಅವನ ಕೊರಳಿನಿಂದ ನನ್ನನ್ನು ತೆಗೆದುಕೊಂಡರು. ಆ ಒಂದು ನಿಮಿಷ ಹನ್ನೊಂದು ವರ್ಷ ನಡೆಯಿತು. ಆಸ್ಪತ್ರೆಗಳಲ್ಲಿ ನಾವು ಕೈ ಬದಲಾಯಿಸುವ ಪದ್ಧತಿಯೇ ಇದು.

ವಾರ್ಡಿನವರೆಲ್ಲ 'ಡಾಕ್ಟರ್ ಬಾಯಿ' ಎಂದು ಕರೆಯುವ ಸುಮಂಗಲಾ ಅವರದು ಹೊಟ್ಟೆಯ ಆಪರೇಷನ್ ಮಾಡುವ ಕೆಲಸ. ಹೊಟ್ಟೆ ಕೊಯ್ದ ಮೇಲೆ ಕರುಳು ಮುನಿಸಿಕೊಂಡು ಮಲಗಿಬಿಡುತ್ತದೆ. ಅದು ಎದ್ದಿತು ಎನ್ನಲು ಎರಡೇ ಗುರುತು. ನನ್ನೊಳಗೆ ಕೇಳುವ ಗುಡುಗುಡು ಒಂದು, ರೋಗಿ ಬಿಡುವ ಹೂಸು ಇನ್ನೊಂದು. ಅಲ್ಲಿಯವರೆಗೆ ಗುಟುಕು ನೀರೂ ಇಲ್ಲ. ಹೊರಗೆ ಜನ ಮೂಗು ಮುಚ್ಚಿಕೊಳ್ಳುವ ವಸ್ತುವಿಗಾಗಿ ಆ ವಾರ್ಡಿನಲ್ಲಿ ಹರಕೆ ಹೊರುತ್ತಾರೆ.

ಒಮ್ಮೆ ಫಕೀರಗೌಡರೆಂಬ ರೋಗಿ ಬಂದರು. ಅವರ ಕರುಳು ಹರ್ನಿಯಾದಲ್ಲಿ ಸಿಕ್ಕಿಕೊಂಡು ಕಪ್ಪಾಗಿತ್ತು. ಬಾಯಿಯವರು ಒಂದು ಗೇಣು ಕತ್ತರಿಸಿ ಜೋಡಿಸಿದರು. ಜೋಡಿಸಿದವರು ಅವರೇ, ಆದರೆ ಹೊರಗೆ ಮೊಳೆಗೆ ನೇತಾಡುತ್ತ ಧೈರ್ಯ ಕೊಟ್ಟವನು ನಾನು.

ಮೂರನೆಯ ದಿನ ಗೌಡರ ಮಂಚದ ಸುತ್ತ ಆರು ಜನ ಕುಳಿತಿದ್ದರು. ಗೌಡರ ಮಗಳ ಲಗ್ನ ಆಗಷ್ಟೇ ನಿಶ್ಚಯವಾಗಿತ್ತು. ಇವರು ಹೊಸ ಬೀಗರು. ಬಾಯಿಯವರು ಬಂದವರೇ ಇಡೀ ವಾರ್ಡಿಗೆ ಕೇಳುವಂತೆ, "ಏನ್ರೀ ಗೌಡ್ರ, ಹೂಸು ಹೋತೇನ್ರೀ?" ಎಂದರು.

ಗೌಡರ ಮೀಸೆ ನಡುಗಿತು. ಆರೂ ಬೀಗರು ಒಟ್ಟಿಗೆ ಫ್ಯಾನು ನೋಡತೊಡಗಿದರು. ಈ ಪ್ರಶ್ನೆ ಇನ್ನೊಮ್ಮೆ ಬರಬಾರದೆಂದು ಗೌಡರು, "ಹ್ಞೂಂ, ಆತ್ರಿ" ಎಂದುಬಿಟ್ಟರು.

ಬಾಯಿಯವರು ನನ್ನನ್ನು ಹೊಟ್ಟೆಯ ಮೇಲಿಟ್ಟರು. ಒಳಗೆ ಮೌನ. ರಜೆಯ ದಿನದ ಶಾಲೆಯಂಥ ಮೌನ. ನನ್ನ ಪ್ರಕಾರ ನಾನು ಆ ಮೌನವನ್ನು ಕಿರುಚಿ ಹೇಳಿದೆ. ಆದರೆ ಅವರು, "ಸಪ್ಪಳ ಇಲ್ಲ. ಇರ್ಲಿ, ಗಾಳಿ ಹೋಗೇತಲ್ಲ" ಎಂದು ನೀರಿಗೆ, ಆಮೇಲೆ ಗಂಜಿಗೆ ಒಪ್ಪಿಗೆ ಕೊಟ್ಟರು.

ಮರುದಿನ ಸಂಜೆಗೆ ಹೊಟ್ಟೆ ಡೊಳ್ಳಿನಂತಾಯಿತು. ಗೌಡರು ವಾಂತಿ ಮಾಡಿಕೊಂಡರು. ಅದರಲ್ಲಿ ಒಂದಿಷ್ಟು ಶ್ವಾಸಕೋಶಕ್ಕೆ ಇಳಿಯಿತು. ಐಸಿಯು, ಬಾಯಲ್ಲಿ ಕೊಳವೆ, ಉಸಿರಾಟಕ್ಕೆ ಯಂತ್ರ. ಇಲ್ಲಿ ನನ್ನ ಬಡಾಯಿ ಸ್ವಲ್ಪ ನಿಲ್ಲಿಸುತ್ತೇನೆ. ಅವರ ಎದೆಯೊಳಗೆ ನಾನು ಕೇಳಿದ ಗೊರಗೊರ ಸದ್ದನ್ನು ಉತ್ಪ್ರೇಕ್ಷೆ ಮಾಡಲು ನನಗೂ ಮನಸ್ಸಿಲ್ಲ.

"ಅವತ್ತು ಖರೇನ ಹೋಗಿತ್ತೇನವ್ವಾ?" ಎಂದು ಬಾಯಿಯವರು ಗೌಡರ ಹೆಂಡತಿ ಸಾವಂತ್ರೆವ್ವನನ್ನು ಕೇಳಿದರು.

"ಎಲ್ಲೀದ್ರಿ ಬಾಯಾರ! ಬೀಗರು ಕುಂತಿದ್ರಲ್ರೀ. ನಮ್ಮ ಲಗ್ನ ಆಗಿ ಮೂವತ್ತು ವರ್ಷಾತು, ನನ್ನ ಮುಂದ ಸೈತ ಒಂದು ಬಿಟ್ಟಿಲ್ಲ ಈ ಮನಷ್ಯಾ. ಸಾಯ್ತಾರ, ಆದ್ರ ಬಿಡಂಗಿಲ್ಲ!" ಎಂದು ಅತ್ತಳು.

ಬಾಯಿಯವರು ನನ್ನ ಕೊಳವೆಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತರು. "ತಪ್ಪು ನಂದವ್ವಾ. ಸಂತ್ಯಾಗ ಕೇಳಿದಂಗ ಕೇಳಿದೆ."

ಏಳು ದಿನ ಅವರು ನನ್ನನ್ನು ಗೌಡರ ಎದೆಗೆ, ಹೊಟ್ಟೆಗೆ, ಮತ್ತೆ ಎದೆಗೆ ಓಡಾಡಿಸಿದರು. ಎದೆ ತಿಳಿಯಾಯಿತು. ಉಸಿರಿನ ಕೊಳವೆ ತೆಗೆದರು. ಹೊಟ್ಟೆ ಮಾತ್ರ ಬಾಯಿ ಬಿಡಲಿಲ್ಲ. ಇನ್ನೂ ಹೀಗೇ ಇದ್ದರೆ ಮತ್ತೆ ಕೊಯ್ಯಬೇಕು, ಆ ದೇಹ ಅದನ್ನು ತಾಳುವುದು ಕಷ್ಟ ಎಂದು ಬಾಯಿಯವರು ನರ್ಸ್‌ಗೆ ಹೇಳಿದ್ದನ್ನು ನಾನು ಕೇಳಿದೆ.

ಐಸಿಯುವಿಗೆ ಬಂದ ಒಂಬತ್ತನೆಯ ದಿನ ಬೀಗರು ಮತ್ತೆ ಬಂದರು. "ಎಲ್ಲಾರೂ ಹೊರಗ ನಡೀರಿ" ಎಂದು ಅವರನ್ನು ಅಟ್ಟಿ, ಬಾಯಿಯವರು ಪರದೆ ಎಳೆದರು. ಗೌಡರ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು: "ಗೌಡ್ರ, ಇಲ್ಲಿ ಯಾರೂ ಇಲ್ಲ. ನಾ ಡಾಕ್ಟರು, ಲೆಕ್ಕಕ್ಕಿಲ್ಲ."

ನನ್ನನ್ನು ಹೊಟ್ಟೆಯ ಮೇಲಿಟ್ಟರು. ಮೊದಲು ಏನೂ ಇಲ್ಲ. ಆಮೇಲೆ ದೂರದಲ್ಲೊಂದು ಗುಳಕ್. ಇನ್ನೊಂದು. ಆಮೇಲೆ, ನನ್ನಾಣೆ, ಏಳು ತಾಲೂಕಿಗೆ ಕೇಳುವ ಗುಡುಗು! ಕಿಟಕಿಯ ಗಾಜು ಅದುರಿತು. ಪಕ್ಕದ ಮಂಚದ ಮಾನಿಟರು ಹೆದರಿ ಕಿರುಚಿತು.

ಗೌಡರು ಕೆಂಪಾಗಿ, "ಅದು... ಕುರ್ಚಿ ಸಪ್ಪಳರೀ" ಎಂದರು.

ಐಸಿಯುವಿನಲ್ಲಿ ಕುರ್ಚಿಯೇ ಇರಲಿಲ್ಲ.

"ಹೌದೇನ್ರೀ? ಸಿಸ್ಟರ್, ಕುರ್ಚಿಗೆ ಎರಡು ಚಮಚ ನೀರು ಕೊಡ್ರಿ" ಎಂದರು ಬಾಯಿಯವರು. ಅವರ ಕಣ್ಣು ಒದ್ದೆಯಾಗಿತ್ತು.

ಬಾಗಿಲಾಚೆ ಹಿರಿಯ ಬೀಗರು ಫೋನಿನಲ್ಲಿ ಕೂಗುತ್ತಿದ್ದರು: "ಹೋತಪಾ, ಹೋತು! ಲಗ್ನದ ಕಾರ್ಡು ಅಚ್ಚಿಗೆ ಕೊಡು!"

ಈಗ ನನಗೆ ವಯಸ್ಸಾಗಿದೆ. ಕೊಳವೆ ಸೆಟೆದಿದೆ, ಒಂದು ಕಿವಿಯ ರಬ್ಬರು ಎಲ್ಲೋ ಕಳೆದಿದೆ. ವಾರ್ಡಿನ ಗೋಡೆಗೆ ತೂಗಿಕೊಂಡು ಹೊಸ ಡಾಕ್ಟರುಗಳನ್ನು ನೋಡುತ್ತಿರುತ್ತೇನೆ. ಅವರ ಕೊರಳಲ್ಲಿ ನನಗಿಂತ ಹೊಳೆಯುವ ಯಂತ್ರಗಳಿವೆ, ಇರಲಿ. ಆದರೆ ಇಂದಿಗೂ ಇಲ್ಲಿ ಮೊದಲು ನೆಂಟರು ಹೊರಗೆ, ಆಮೇಲೆ ಪರದೆ, ಕೊನೆಗೆ ಮೆಲುದನಿಯ ಆ ಪ್ರಶ್ನೆ. ಈ ಪದ್ಧತಿ ತಂದವನು ನಾನೇ ಎಂದು ಹೇಳಿಕೊಳ್ಳುತ್ತೇನೆ. ಮನುಷ್ಯನ ಹೊಟ್ಟೆಗಿಂತ ಅವನ ಮಾನ ಮೆತ್ತಗಿನದು. ಅದರ ಮೇಲೆ ಕಿವಿ ಇಟ್ಟು ಕೇಳುವ ಉಪಕರಣ ಮಾತ್ರ ಯಾವ ಕಾರ್ಖಾನೆಯಲ್ಲೂ ತಯಾರಾಗುವುದಿಲ್ಲ.