ನಾಲ್ಕನೆಯ ಸ್ಕ್ರೂ

ಇವನಿಗೆ ಪುಸ್ತಕ ಅಂದ್ರೆ ಇಟ್ಟಿಗೆ ಕಣ್ರೀ, ಸುತ್ತ ಕೆತ್ತಿ ಚೌಕ ಮಾಡಿದ್ರೆ ಮುಗೀತು, ಒಳಗೇನಿದೆ ಅಂತ ಇವನಿಗೇನು ಗೊತ್ತು — ಪ್ರೊಫೆಸರರ ಬೆರಳು ಪುಸ್ತಕದ ಅಂಚನ್ನು ಟಕ ಟಕ ಕುಟ್ಟುತ್ತಿದೆ, ಚೊಕ್ಕಟ ಉಗುರು, ಅಂಟು ಮೆತ್ತದ ಉಗುರು, ಹಿಂದೆ ಕುದುರೆಲಾಳದ ಹಾಗೆ ಬಾಗಿ ನಿಂತ ಅವರ ವಿದ್ಯಾರ್ಥಿಗಳು ಆರು ಜನ, ಬೈಂಡಿಂಗ್ ಹೇಗೆ ನಡೆಯುತ್ತದೆಂದು ನೋಡಲು ಬಂದವರು ಈಗ ನನ್ನನ್ನು ನೋಡುತ್ತಿದ್ದಾರೆ, ಒಬ್ಬಳು ನಗು ತಡೆಯಲು ನೋಟುಬುಕ್ಕನ್ನು ಬಾಯಿಗೆ ಅಡ್ಡ ಹಿಡಿದಿದ್ದಾಳೆ, ಅದರ ಬೆನ್ನುಪಟ್ಟಿ ಸೊಟ್ಟಗಿದೆ, ನಮ್ಮ ಕೆಲಸ ಅಲ್ಲ ಅದು. ಮೂವತ್ತು ವರ್ಷ ಈ ಕಾದಂಬರಿ ಪಾಠ ಮಾಡಿದ್ದೀನಿ, ಅಂಚಿನ ತುಂಬ ನನ್ನ ಟಿಪ್ಪಣಿ ಇತ್ತು, ಈಗ ನೋಡಿ, ಅರ್ಧರ್ಧ ಅಕ್ಷರ, ರುಂಡ ಇದ್ದರೆ ಮುಂಡ ಇಲ್ಲ, ಎಷ್ಟನೇ ಕ್ಲಾಸಪ್ಪ ಓದಿದ್ದು ನೀನು? ಒಂಬತ್ತು ಸಾರ್, ಎಂದವರು ನಮ್ಮ ಯಜಮಾನರು, ಅದೂ ಪೂರ್ತಿ ಇಲ್ಲ, ಎಂದು ಸೇರಿಸಿದರು, ಗಿರಾಕಿಗೆ ಒಂದು ಹಿಡಿ ಜಾಸ್ತಿ ಹಾಕುವ ಅಂಗಡಿಯವನ ಹಾಗೆ, ಆಗ ನೋಟುಬುಕ್ಕಿನ ಹಿಂದಿನ ನಗು ಹೊರಗೇ ಬಂತು. ಕಿವಿಯ ತುದಿಯಿಂದ ಬಿಸಿ ಇಳಿಯುತ್ತಿದೆ, ಪರಿಚಯದ ಬಿಸಿ, ಒಂಬತ್ತನೇ ಕ್ಲಾಸಿನಲ್ಲಿ ಗಣಿತದ ಮೇಷ್ಟ್ರು ನನ್ನ ಅಂಗಿಯ ತೇಪೆಗೆ ಕಡ್ಡಿ ಇಟ್ಟು ಇದು ಯಾವ ದೇಶದ ಭೂಪಟ ಹೇಳಿ ಮಕ್ಕಳೇ ಅಂದಾಗ ಇಳಿದದ್ದು ಇದೇ ಬಿಸಿ, ಆಗ ಕೈಗೆ ಸಿಕ್ಕಿದ್ದು ಡಸ್ಟರು, ಎಸೆದೆ, ಕನ್ನಡಕದ ಮೇಲೆಲ್ಲ ಬಿಳಿ ಧೂಳು, ಅದೇ ನನ್ನ ಉತ್ತರ, ಅದೇ ನನ್ನ ಕೊನೆಯ ಪಾಠ. ಉತ್ತರ ಕೊಡುವುದೊಂದು ನನಗೆ ಚೆನ್ನಾಗಿ ಬರುತ್ತದೆ. ಈಗಲೂ ಬರುತ್ತದೆ. ಕೈಗೆ ಎಟಕುವಷ್ಟು ಹತ್ತಿರದಲ್ಲಿ ಕಾಗದ ಒತ್ತುವ ಕಬ್ಬಿಣದ ಗುಂಡು ಇದೆ. ಯಾರೋ ಕತ್ತರಿಸಿದ್ದು ಇದನ್ನು, ಬಾಯಿ ಬಿಡು, ಯಜಮಾನರು ಕೇಳುತ್ತಿದ್ದಾರೆ, ನೀನಾ, ನಿಮ್ಮ ದೊಡ್ಡಪ್ಪನಾ?

ಒಳಗೇನಿದೆ ಅಂತ ನನಗೇನು ಗೊತ್ತು, ಮನಸ್ಸಿನಲ್ಲೇ ಹೇಳುತ್ತೇನೆ. ಸಾರ್, ನಿಮ್ಮ ಕೈಯಲ್ಲಿದ್ದಾಗ ಅದು ಪುಸ್ತಕ, ನನ್ನ ಮೇಜಿಗೆ ಬಂದಾಗ ಹದಿನೆಂಟು ಫಾರಂ, ಹಳೇ ದಾರ ಬಿಚ್ಚಿ, ಬೆನ್ನಿನ ಒಣಗಿದ ಅಂಟು ಕೆರೆದು, ಹದಿನಾರು ಪುಟಕ್ಕೊಂದರಂತೆ ಮಡಿಕೆ ಮಡಿಕೆಯಾಗಿ ಬಿಡಿಸಿ ಮೇಜಿನುದ್ದ ಹಾಸಿದರೆ ಕಾದಂಬರಿಯ ಆ ಹುಡುಗನ ಹತ್ತು ವರ್ಷ ಒಂದೇ ಸಾಲಿನಲ್ಲಿ ಮಲಗಿರುತ್ತದೆ, ಎಡತುದಿಯಲ್ಲಿ ಐದು ವಯಸ್ಸು, ಬಲತುದಿಯಲ್ಲಿ ಹದಿನೈದು, ನಾನು ನಡುವೆ ನಿಂತು ಆಚೆ ಈಚೆ ನೋಡಬಹುದು, ನಿಮಗೆ ಆ ಸೌಕರ್ಯ ಇಲ್ಲ, ನೀವು ಪುಟ ಮಗುಚಿಯೇ ಹೋಗಬೇಕು. ಅಂಟು ಕಾಯಿಸುವ ಗೋಂದಕ್ಕ ಅಂದಳು, ಏನೋ, ಕಳೆದುಹೋದ ಉಂಗುರ ಹುಡುಕೋ ಹಾಗೆ ಕಾಗದ ನೋಡ್ತಿದ್ದೀಯ, ದಾರ ಪೋಣಿಸೋ ಮಾರಾಯ, ನನ್ನ ಅಂಟು ಆರಿಹೋಗ್ತದೆ. ಉಂಗುರವೇ ಅಕ್ಕ, ಸಿಕ್ಕಿತು ಕೂಡ. ಬರೆದ ಪುಣ್ಯಾತ್ಮ ಎಲ್ಲೂ ಹುಡುಗ ಬೆಳೆದ ಅಂತ ಬರೆದಿಲ್ಲ, ಒಂದು ಸಲವೂ ಇಲ್ಲ, ಆದರೆ ಮೊದಲ ಫಾರಂನಲ್ಲಿ ಅಮ್ಮ ಎಂದರೆ ಬರೀ ಹಿಮ್ಮಡಿ, ಹಿಮ್ಮಡಿಯ ಬಿರುಕು, ಬಕೆಟ್ಟು ಇಟ್ಟೆದ್ದಾಗ ನೆಲದ ಮೇಲೆ ಉಳಿದ ಒದ್ದೆ ಬಳೆ, ಮೇಜು ಎಂದರೆ ಮೇಜಿನ ತಳ, ಅಲ್ಲಿ ಬಡಗಿ ಪೆನ್ಸಿಲಿನಲ್ಲಿ ಬರೆದು ಮರೆತ ಮೂರು ಎಂಬ ಅಂಕಿ, ಜಗತ್ತಿನಲ್ಲಿ ಆ ಅಂಕಿ ಯಾರಿಗೆ ಕಾಣುತ್ತದೆ, ಮೂರಡಿ ಎತ್ತರದವನಿಗೆ ಮಾತ್ರ. ಹನ್ನೊಂದನೇ ಫಾರಂಗೆ ಬಂದರೆ ಅಮ್ಮನ ಬೈತಲೆ ಕಾಣುತ್ತದೆ, ಬೈತಲೆಯ ಎರಡೂ ಬದಿ ಬೆಳ್ಳಗಾಗಿರುವುದು ಕಾಣುತ್ತದೆ, ಅಷ್ಟೇ, ಒಂದು ಮಾತು ಹೆಚ್ಚಿಲ್ಲ, ಓದಿ ನನ್ನ ಸೂಜಿ ನಿಂತುಹೋಯಿತು, ಇವನು ಅಮ್ಮನಿಗಿಂತ ಎತ್ತರ ಆಗಿಬಿಟ್ಟನಲ್ಲ, ಯಾವಾಗ? ಕಣ್ಣು ಎಲ್ಲಿದೆ ಎಂದು ತೋರಿಸಿಯೇ ಮನುಷ್ಯನನ್ನು ಇಷ್ಟು ಎತ್ತರ ಎತ್ತಬಹುದೆಂದು ನನಗೆ ಯಾವ ಮೇಷ್ಟ್ರೂ ಹೇಳಿರಲಿಲ್ಲ. ಅಲ್ಲಿ, ಬೈತಲೆಯ ಸಾಲಿನ ಪಕ್ಕ, ನಿಮ್ಮ ಪೆನ್ಸಿಲೂ ಇತ್ತು ಸಾರ್, ವಿವರಣೆ ಇಲ್ಲ, ಗೆರೆ ಇಲ್ಲ, ಅಮ್ಮ, ಎಂದಷ್ಟೇ. ನಿಮ್ಮ ಅಮ್ಮನೋ ಪುಸ್ತಕದ ಅಮ್ಮನೋ ಗೊತ್ತಾಗಲಿಲ್ಲ. ಅದೂ ಹೋಯಿತು. ಅದಕ್ಕೆ ಬೈಯಿರಿ, ಅದಕ್ಕೆ ಬೈದರೆ ತಲೆ ತಗ್ಗಿಸಿ ನಿಲ್ಲುತ್ತೇನೆ.

ಆದರೆ ಎಂಟನೇ ಫಾರಂಗೆ ಬೈಸಿಕೊಳ್ಳಲಾರೆ. ಎಂಟರಲ್ಲಿ ಚಿಲಕ. ಹುಡುಗನ ಅಪ್ಪ ನಕ್ಷೆ ಬರೆಯುವವನು, ಊರುಗಳ, ಹೊಳೆಗಳ, ರಸ್ತೆಗಳ ನಕ್ಷೆ, ಅವನ ಕೋಣೆಯ ಚಿಲಕ ಎರಡನೇ ಫಾರಂನಲ್ಲಿ ಆಕಾಶದಲ್ಲಿದೆ, ಐದರಲ್ಲಿ ತುದಿಗಾಲಿನಲ್ಲಿ ನಿಂತರೆ ಸಿಗುತ್ತದೆ, ಎಂಟರಲ್ಲಿ ಸರಿಯಾಗಿ ಕಣ್ಣಿನ ಮಟ್ಟಕ್ಕಿದೆ, ಹಿತ್ತಾಳೆ ಚಿಲಕ, ಅದರಡಿ ತುಕ್ಕು ಹಿಡಿದ ಕಬ್ಬಿಣದ ತಗಡು, ತಗಡಿಗೆ ನಾಲ್ಕು ಸ್ಕ್ರೂ ಇರಬೇಕಾದಲ್ಲಿ ಮೂರು, ನಾಲ್ಕನೆಯದು ಕಳಚಿ ಬಿದ್ದು ತೂತು, ಹಲಗೆಯ ಆಚೆಗೂ ಹಾಯ್ದ ತೂತು, ತೂತಿನಲ್ಲಿ ಬೆಳಕು. ಎರಡು ಪುಟ ಬರೀ ಇದೇ. ಒಳಗೆ ಅಪ್ಪನಿಗೆ ಕೈ ನಡುಕ ಶುರುವಾಗಿದೆ, ಬಾಗಿಲು ಹಾಕಿಕೊಂಡು ಒಂದು ನೆಟ್ಟನೆ ಗೆರೆಗಾಗಿ ಕಾಗದದ ಮೇಲೆ ಕಾಗದ ಹಾಳು ಮಾಡುತ್ತಿದ್ದಾನೆ, ಇದು ಓದುವ ನಮಗೆ ತಿಳಿಯುವುದು ಹದಿನಾರನೇ ಫಾರಂನಲ್ಲಿ, ಎಂಟರಲ್ಲಿ ಹುಡುಗ ತೂತಿನ ಬೆಳಕು ನೋಡಿ, ಅಡಿಗೆಮನೆಗೆ ಹೋಗಿ, ಅಪ್ಪ ನಕ್ಷೆ ಬರೀತಿದ್ದಾರೆ ಅಮ್ಮ, ಎನ್ನುತ್ತಾನೆ. ಅಂಚಿನಲ್ಲಿ ನಿಮ್ಮ ಪೆನ್ಸಿಲು: ಮುಗ್ಧ ನಿರೂಪಕ, ಹುಡುಗನಿಗೆ ಏನೂ ತಿಳಿಯದು. ಮೂವತ್ತು ವರ್ಷ ಅದನ್ನೇ ಪಾಠ ಮಾಡಿದಿರಾ ಸಾರ್? ಎಂಟು ಮುಗಿದು ಒಂಬತ್ತನೇ ಫಾರಂ ಶುರುವಾದ ಮೂರನೇ ಸಾಲು ನೋಡಿ, ಅಮ್ಮ ನನ್ನ ಹುಬ್ಬಿನ ಕೆಳಗಿನ ತುಕ್ಕನ್ನು ಹೆಬ್ಬೆರಳಿನಿಂದ ಒರೆಸಿದಳು, ಏನೂ ಕೇಳಲಿಲ್ಲ. ತುಕ್ಕು ಹುಬ್ಬಿಗೆ ಹೇಗೆ ಬಂತು? ತಗಡಿಗೆ ಕಣ್ಣು ಒತ್ತದೆ ಬರುತ್ತದೆಯೇ? ನೋಡಿದ್ದಾನೆ, ಎಲ್ಲ ನೋಡಿದ್ದಾನೆ, ನೋಡಿಯೇ ನಕ್ಷೆ ಬರೀತಿದ್ದಾರೆ ಅಂದಿದ್ದಾನೆ, ಅಮ್ಮನಿಗೂ ಗೊತ್ತಾಗಿದೆ, ಮೂವರೂ ಅಪ್ಪನ ಆ ಸೊಟ್ಟ ಗೆರೆಯನ್ನು ಮುಚ್ಚಿಟ್ಟುಕೊಂಡು ಒಂದೇ ಮನೆಯಲ್ಲಿ ಊಟ ಮಾಡುತ್ತಾರೆ, ಕಾದಂಬರಿಯ ನಾನು ಎಂಬವನು ಬಾಯಿಂದ ಹೇಳಲಾರದ್ದನ್ನು ಅವನ ಹುಬ್ಬು ಹೇಳಿಬಿಟ್ಟಿದೆ, ಅಬ್ಬಾ, ಬರೆದವನ ಕೈಗೆ ಒಂದು ನಮಸ್ಕಾರ ಹಾಕಬೇಕು, ಎಲ್ಲಿದ್ದರೂ. ನಿಮಗೆ ಪುಟ ತಿರುಗಿತು, ಮರೆತಿರಿ. ನನ್ನ ಮೇಜಿನ ಮೇಲೆ ಎಂಟೂ ಒಂಬತ್ತೂ ಭುಜಕ್ಕೆ ಭುಜ ತಾಗಿ ಮಲಗಿದ್ದವು. ಇಷ್ಟು ಹೇಳಿದರೆ ಸಾಕು, ಆ ಆರು ಮುಖ ನಿಮ್ಮ ಕಡೆ ತಿರುಗುತ್ತವೆ, ಇಟ್ಟಿಗೆಯವನು ಹೇಳ್ತಿರೋದು ನಿಜವಾ ಸಾರ್, ಎನ್ನುತ್ತವೆ, ಇದಕ್ಕಿಂತ ಒಳ್ಳೆಯ ಡಸ್ಟರು ನನಗೆ ಈ ಜನ್ಮದಲ್ಲಿ ಸಿಗಲಿಕ್ಕಿಲ್ಲ.

ನೀನಾ, ನಿಮ್ಮ ದೊಡ್ಡಪ್ಪನಾ, ಯಜಮಾನರ ದನಿ ಎರಡನೇ ಸಲ. ದೊಡ್ಡಪ್ಪ ಕಟಿಂಗ್ ಯಂತ್ರದ ಪಕ್ಕ ನಿಂತಿದ್ದಾನೆ, ಚಕ್ರದ ಮೇಲೆ ಕೈ, ಮೂವತ್ತೆಂಟು ವರ್ಷ ಅಂಚು ಕತ್ತರಿಸಿದ ಕೈ, ಮುಖ ಯಜಮಾನರ ಕಡೆ ತಿರುಗಿದೆ ಆದರೆ ಸ್ವಲ್ಪ ಪಕ್ಕಕ್ಕೆ, ದನಿ ಬಂದ ಕಡೆಗೆ, ಇದು ಇಲ್ಲಿ ಯಾರಿಗೂ ಕಾಣುತ್ತಿಲ್ಲವೇ, ನನಗೊಬ್ಬನಿಗೇ ಕಾಣುತ್ತದೆಯೇ. ಶಾಲೆ ಬಿಡಿಸಿದ ವಾರ ಅಪ್ಪ ಬೆಲ್ಟು ಬಿಚ್ಚಿದಾಗ ಅಡ್ಡ ಬಂದು, ಬಿಡೋ ತಮ್ಮ, ನನ್ನ ಜೊತೆ ಕಳಿಸು, ಓದು ಬಿಟ್ಟ ಅಂತ ಯಾರಂದ್ರು, ದಿನಾ ಸಾವಿರ ಪುಟ ಇವನ ಕೈ ಮೇಲೆ ಹಾಯ್ದು ಹೋಗ್ತದೆ, ಅಂದವನು. ಅಂಚು ಕೂದಲೆಳೆಯಷ್ಟೇ ಹೋಗಬೇಕು, ಗಾಯ ಆಗಬಾರದು, ಕ್ಷೌರ ಆಗಬೇಕು, ಅಂದವನು. ಆರು ತಿಂಗಳಿಂದ ಅಲಗು ಇಳಿಸುವ ಮುನ್ನ ಕರೆಯುತ್ತಾನೆ, ಕತ್ತರಿಸೋ ಗೆರೆ ಎಲ್ಲಿ ಬಿತ್ತು ಹೇಳೋ ನೋಡೋಣ, ಕಲಿತಿದ್ದೀಯೋ ಇಲ್ವೋ, ಪರೀಕ್ಷೆ ನಿಂಗೆ. ಎರಡು ತಿಂಗಳು ಪರೀಕ್ಷೆ ಎಂದೇ ನಂಬಿದ್ದೆ, ಹೆಮ್ಮೆಯಿಂದ ಹೇಳುತ್ತಿದ್ದೆ, ಆಮೇಲೆ ಒಂದು ಮಧ್ಯಾಹ್ನ ಅವನು ಯಂತ್ರದ ತಗಡಿನ ಅಂಚನ್ನು ಹೆಬ್ಬೆರಳಿನಿಂದ ಸವರಿ ಸವರಿ ಗುರುತು ಹುಡುಕುವುದನ್ನು ರಟ್ಟಿನ ರಾಶಿಯ ಸಂದಿಯಿಂದ ನೋಡಿದೆ. ಗೋಂದಕ್ಕ ಕೇಳಿದಳು, ನಿಮ್ಮ ದೊಡ್ಡಪ್ಪ ನನ್ನನ್ನ ನೋಡಿ ಗುರುತೇ ಹಿಡೀಲಿಲ್ವಲ್ಲೋ ಬಾಗಿಲಲ್ಲಿ, ಕಣ್ಣಿಗೇನಾದ್ರೂ? ಅವನ ಕಣ್ಣಿಗೇನು, ಹದ್ದಿನ ಕಣ್ಣು, ನೀನೇ ಕರ್ರಗಾಗಿದ್ದೀಯ ಅಂದೆ, ಸೌಟು ಎತ್ತಿದಳು, ನಕ್ಕಳು, ಮಾತು ಮುಗಿಯಿತು. ಅಪ್ಪ ನಕ್ಷೆ ಬರೀತಿದ್ದಾರೆ ಅಮ್ಮ.

ಮತ್ತು ಆ ದಿನ, ಈ ಪುಸ್ತಕ ಅಲಗಿನ ಕೆಳಗಿದ್ದ ದಿನ, ಗೆರೆ ಎಲ್ಲಿ ಬಿತ್ತು ಹೇಳೋ, ಎಂದು ಕರೆದ, ಎಂದಿನ ಹಾಗೆ, ನಾನು ಮೂರು ಮಾರು ದೂರದಲ್ಲಿ, ರಟ್ಟಿನ ಚೂರಿನ ಮೇಲೆ ಬರೆದಿಟ್ಟುಕೊಂಡಿದ್ದ ತುಕ್ಕಿನ ಸಾಲನ್ನು ನಾಲ್ಕನೇ ಸಲ ಓದುತ್ತಿದ್ದೆ, ಓದುತ್ತಿದ್ದೆ, ಕೇಳಿಸಿಕೊಳ್ಳಿ ಸಾರ್, ಓದುತ್ತಿದ್ದೆ, ತಲೆ ಎತ್ತದೆ ಹೂಂ ದೊಡ್ಡಪ್ಪ, ಸರಿ ಇದೆ, ಅಂದೆ. ಚಕ್ರ ತಿರುಗಿತು. ಅಲಗು ಕಾಗದದೊಳಗೆ ಇಳಿಯುವ ಸದ್ದು ನನಗೆ ಗೊತ್ತು, ಬೆಣ್ಣೆಯ ಸದ್ದು, ಅವತ್ತು ಅದು ಎಂದಿಗಿಂತ ಉದ್ದ ಇತ್ತು, ಕೆಳಗೆ ಬಿದ್ದ ಪಟ್ಟಿಗಳು ಕೂದಲೆಳೆಯಲ್ಲ, ಅರ್ಧ ಬೆರಳು ಅಗಲ, ಪೆನ್ಸಿಲಿನ ಬೂದು ಬಾಲಗಳು ತುಂಬಿದ ಪಟ್ಟಿಗಳು. ಅವನು ಬಗ್ಗಿ ಒಂದನ್ನು ಎತ್ತಿ ಬೆರಳಿನ ನಡುವೆ ಅಳೆದ, ನನ್ನ ಕಡೆ, ಅಂದರೆ ನಾನಿರಬಹುದಾದ ಕಡೆ, ತಿರುಗಿದ. ನಾನು ಪಟ್ಟಿಗಳನ್ನೆಲ್ಲ ಬಾಚಿ ಅಂಗಿಯ ಒಳಗೆ ತುರುಕಿದೆ. ಮನೆಯಲ್ಲಿವೆ ಸಾರ್, ಬೆಂಕಿಪೆಟ್ಟಿಗೆಗೆ ದಾರ ಸುತ್ತಿದ ಹಾಗೆ ಸುತ್ತಿಟ್ಟಿದ್ದೇನೆ, ಒಂದನ್ನೂ ಎಸೆದಿಲ್ಲ, ಅಮ್ಮ ಎಂಬುದರ ಕೊನೆಯ ಅರ್ಧವೂ ಇದೆ.

ನೀನಾ ದೊಡ್ಡಪ್ಪನಾ, ಮೂರನೇ ಸಲ, ಗೋಂದಕ್ಕನ ಸೌಟೂ ನಿಂತಿದೆ. ನಾಲಿಗೆಯ ಮೇಲೆ ಎರಡು ಉತ್ತರ, ಒಂದು ಹುಬ್ಬಿನ ತುಕ್ಕು, ಅದನ್ನು ಹೇಳಿದರೆ ನಾನು ಗೆಲ್ಲುತ್ತೇನೆ, ಆಮೇಲೆ ಕೇಳುತ್ತಾರೆ, ಇಷ್ಟು ಓದುವವನು ಅಂಚು ಯಾಕೆ ಕೆಡಿಸಿದೆ, ಹಾಗಾದರೆ ಕತ್ತರಿಸಿದವರು ಬೇರೆ, ಬನ್ನಿ ಹಿರಿಯರೇ, ಇದನ್ನು ಓದಿ ನೋಡೋಣ. ಒಂದರ ಬಾಲ ಹಿಡಿದು ಇನ್ನೊಂದು, ದೊಡ್ಡಪ್ಪನ ಕಣ್ಣಿನದು, ಬರುತ್ತದೆ. ಯಜಮಾನರೇ, ಅದು, ಎಂದು ದೊಡ್ಡಪ್ಪ ಗಂಟಲು ಸರಿಮಾಡಿಕೊಳ್ಳುತ್ತಿದ್ದಾನೆ, ಹೇಳಿಬಿಡುತ್ತಾನೆ, ಮಾತಿಗೆ ಜಾಗ ಕೊಟ್ಟರೆ ಹೇಳಿಯೇ ಬಿಡುತ್ತಾನೆ — ಮಡಿಕೆ ಒತ್ತುವ ಎಲುಬಿನ ಪಟ್ಟಿಯನ್ನು ಮೇಜಿನ ಮೇಲೆ ಇಟ್ಟೆ, ಟಪ್ಪೆಂದು, ಬೇಕೆಂದೇ ಜೋರಾಗಿ, ನಡೆದೆ, ಆರು ಜನ ದಾರಿ ಬಿಟ್ಟರು, ನೋಡಿದ್ರಾ ಸಾರ್, ಯಜಮಾನರು ಹಿಂದಿನಿಂದ, ಕಳ್ಳ ಬೆಕ್ಕು, ಕೇಳಿದ್ದಕ್ಕೆ ಉತ್ತರ ಇಲ್ಲ, ಇವನೇ, ನಂಗೆ ಗೊತ್ತಿತ್ತು ಇವನೇ ಅಂತ. ಪ್ರೊಫೆಸರರು ಪುಸ್ತಕ ಬಿಡಿಸುವ ಸದ್ದು, ನನ್ನ ಹೊಲಿಗೆ ಚೆನ್ನಾಗಿ ತೆರೆಯುತ್ತದೆ, ಚಪ್ಪಟೆಯಾಗಿ ಮಲಗುತ್ತದೆ, ಎಂಟರಿಂದ ಒಂಬತ್ತಕ್ಕೆ ಈಗ ಎಡವದೆ ಹೋಗಬಹುದು, ಒಂದು ದಿನ ನೀವೇ ಹೋಗಿ ಮೂರನೇ ಸಾಲಿಗೆ ತಲುಪಿ ಸಾರ್. ಲೋ, ಎಂದ ದೊಡ್ಡಪ್ಪ, ಪಕ್ಕದಲ್ಲಿ ಹಾಯುವಾಗ, ಸಣ್ಣಗೆ, ಕೈ ಗಾಳಿಯಲ್ಲಿ ನನ್ನನ್ನು ಹುಡುಕಿ ಸಿಗದೆ ಮತ್ತೆ ಚಕ್ರಕ್ಕೆ ಹೋಯಿತು, ನಿಲ್ಲಲಿಲ್ಲ ನಾನು, ನಿಂತರೆ ಮುಖ ಹೇಳಿಬಿಡುತ್ತದೆ, ಹುಬ್ಬಿನ ಕೆಳಗೆ ಏನಾದರೂ ಅಂಟಿದೆಯೋ ಏನೋ, ಒರೆಸಿಕೊಳ್ಳಲೂ ಇಲ್ಲ, ಹೊಸ್ತಿಲು, ಬಿಸಿಲು, ಬೀದಿ, ಕಣ್ಣು ಕುಕ್ಕಿ ಏನೂ ಕಾಣುತ್ತಿಲ್ಲ, ತಗಡು, ಮೂರು ಸ್ಕ್ರೂ, ನಾಲ್ಕನೆಯದರ ಜಾಗದಲ್ಲಿ ತೂತು, ತೂತಿನಲ್ಲಿ ಬೆಳಕು